ಬ್ರೇಕ್ ಇಲ್ಲದ ಬೈಕು, ಊರಿಲ್ಲದ ತಂಡ

ಎಡಿನ್‌ಬರೋ ಮೊನಾರ್ಕ್ಸ್ ತಂಡದ ರೇಸ್ ನೋಡಬೇಕು ಅಂದ್ರೆ ಎಡಿನ್‌ಬರೋದಲ್ಲಿ ಹುಡುಕಿ ಪ್ರಯೋಜನ ಇಲ್ಲ. ಅಲ್ಲಿಂದ ಬಾತ್‌ಗೇಟ್ ಮಾರ್ಗವಾಗಿ ಗ್ಲಾಸ್ಗೋ ಕಡೆ ಹೋಗುವ ರೈಲು ಹತ್ತಿ ಆರ್ಮಡೇಲ್ ಅನ್ನೋ ಸಣ್ಣ ಊರಲ್ಲಿ ಇಳಿಯಬೇಕು. ಒಂದು ಕಾಲಕ್ಕೆ ಕಲ್ಲಿದ್ದಲು ಗಣಿ, ಇಟ್ಟಿಗೆ ಕಾರ್ಖಾನೆಗಳಿಂದ ಬದುಕಿದ್ದ ಊರು. ಈಗ ಇಲ್ಲಿನವರು ಬೆಳಿಗ್ಗೆ ರೈಲಿನಲ್ಲಿ ಆಚೀಚಿನ ಎರಡು ನಗರಗಳಿಗೆ ಕೆಲಸಕ್ಕೆ ಹೋಗಿ ಸಂಜೆ ವಾಪಸ್ ಬರ್ತಾರೆ. ಶುಕ್ರವಾರ ಸಂಜೆ ಮಾತ್ರ ನಗರದವರೂ ಇತ್ತ ಬರ್ತಾರೆ, ಸ್ಪೀಡ್‌ವೇ ನೋಡೋಕೆ.

ನಾನಿರೋದು ಪಕ್ಕದ ಲಿವಿಂಗ್‌ಸ್ಟನ್‌ನಲ್ಲಿ. ಆಫೀಸಿನ ಸಹೋದ್ಯೋಗಿಯೊಬ್ಬರು ಒಮ್ಮೆ ಕರ್ಕೊಂಡು ಹೋದರು. ಅಲ್ಲಿಂದ 2023ರ ಸೀಸನ್ ಪೂರ್ತಿ, ಏಪ್ರಿಲ್‌ನಿಂದ ಅಕ್ಟೋಬರ್ ತನಕ, ಶುಕ್ರವಾರ ಸಂಜೆ ಮೀಟಿಂಗ್ ಇಟ್ಟರೆ ನಾನು ಸಿಗ್ತಿರಲಿಲ್ಲ.

ಸ್ಪೀಡ್‌ವೇ ಅಂದ್ರೆ ಏನು? ಸುಮಾರು 260 ಮೀಟರ್ ಸುತ್ತಳತೆಯ ಮಣ್ಣಿನ ಟ್ರ್ಯಾಕು. ನಾಲ್ಕು ಜನ, ನಾಲ್ಕು ಸುತ್ತು, ಎಡಕ್ಕೆ ಮಾತ್ರ ತಿರುಗೋದು. ಬೈಕಿಗೆ 500 ಸಿಸಿಯ ಒಂದೇ ಸಿಲಿಂಡರ್, ಒಂದೇ ಗೇರ್, ಪೆಟ್ರೋಲ್ ಬದಲು ಮೆಥನಾಲ್. ಬ್ರೇಕ್ ಇಲ್ಲ. ಸುಳ್ಳಲ್ಲ, ನಿಜವಾಗಿಯೂ ಇಲ್ಲ. ಒಬ್ಬ ದಿಢೀರ್ ಬ್ರೇಕ್ ಹಾಕಿದರೆ ಹಿಂದಿನವನು ಅವನ ಮೇಲೆ ಬರ್ತಾನಲ್ಲ, ಅದಕ್ಕೇ ಬ್ರೇಕ್ ಇಲ್ಲದಿರೋದೇ ಸುರಕ್ಷಿತ ಅಂತ ಲೆಕ್ಕಾಚಾರ. ತಿರುವಿನಲ್ಲಿ ಹಿಂದಿನ ಚಕ್ರವನ್ನು ಬೇಕಂತಲೇ ಜಾರಿಸ್ತಾರೆ. ಬೈಕು ಎಡಕ್ಕೆ ಹೋಗ್ತಿರುತ್ತೆ, ಮುಂದಿನ ಚಕ್ರ ಬಲಕ್ಕೆ ನೋಡ್ತಿರುತ್ತೆ, ಸವಾರನ ಎಡಗಾಲು ಉಕ್ಕಿನ ಅಟ್ಟೆ ಕಟ್ಟಿಕೊಂಡು ನೆಲ ಸವರ್ತಿರುತ್ತೆ. ಒಂದು ನಿಮಿಷದಲ್ಲಿ ಮುಗೀತು. ಇಂಥ ಹದಿನೈದು ಹೀಟ್‌ಗಳು ಸೇರಿ ಒಂದು ಪಂದ್ಯ. ಗೆದ್ದವನಿಗೆ ಮೂರು, ಎರಡನೆಯವನಿಗೆ ಎರಡು, ಮೂರನೆಯವನಿಗೆ ಒಂದು ಪಾಯಿಂಟ್. ಎರಡು ಗಂಟೆ ನಿಂತರೆ ಕಣ್ಣಿಗೆ ಸಿಗೋದು ಕಾಲು ಗಂಟೆಯ ಓಟ. ಉಳಿದ ಹೊತ್ತು ಟ್ರ್ಯಾಕ್ಟರು ಮಣ್ಣು ಹದ ಮಾಡ್ತಿರುತ್ತೆ, ಜನ ಚಿಪ್ಸ್ ತಿಂತಾ ಲೆಕ್ಕ ಬರೀತಿರ್ತಾರೆ.

ಲೆಕ್ಕ ಬರೆಯೋದು ಇಲ್ಲಿ ಆಟದ ಅರ್ಧ ಭಾಗ. ಪ್ರತಿಯೊಬ್ಬರ ಕೈಯಲ್ಲೂ ಪ್ರೋಗ್ರಾಮ್ ಪುಸ್ತಕ, ಪೆನ್ನು. ಎರಡನೇ ತಿರುವಿನಲ್ಲಿ ನನ್ನ ಪಕ್ಕ ಯಾವಾಗಲೂ ಒಬ್ಬರು ಅಜ್ಜ ನಿಲ್ತಿದ್ದರು. ನಾನು ಫೋನಿನ ಸ್ಪ್ರೆಡ್‌ಶೀಟ್‌ನಲ್ಲಿ ಸ್ಕೋರ್ ಹಾಕೋದು ನೋಡಿ, ಏನೂ ಹೇಳದೆ, ತಮ್ಮ ಇನ್ನೊಂದು ಪೆನ್ನು ನನ್ನ ಕೈಗಿಟ್ಟರು.

ಮೊನಾರ್ಕ್ಸ್ ಇರೋದು ಎರಡನೇ ಡಿವಿಷನ್ನಿನಲ್ಲಿ. ಅದರ ಹೆಸರು ಚಾಂಪಿಯನ್‌ಶಿಪ್, ಮೇಲಿನದು ಪ್ರೀಮಿಯರ್‌ಶಿಪ್. (ಎರಡನೆಯದಕ್ಕೂ ಚಾಂಪಿಯನ್ ಅಂತ ಹೆಸರಿಟ್ಟವರ ಮಾರ್ಕೆಟಿಂಗ್ ಬುದ್ಧಿಗೆ ಸಲಾಂ.) ಒಂದು ತಂಡಕ್ಕೆ ಏಳು ಸವಾರರು. ಪ್ರತಿಯೊಬ್ಬನಿಗೂ ಒಂದು ಸರಾಸರಿ ಇರುತ್ತೆ, ಗಳಿಸಿದ ಪಾಯಿಂಟ್‌ಗಳನ್ನು ಓಡಿದ ಹೀಟ್‌ಗಳಿಂದ ಭಾಗಿಸಿ ನಾಲ್ಕರಿಂದ ಗುಣಿಸಿದ್ದು. ಹೊಸ ಸೀಸನ್ನಿಗೆ ತಂಡ ಕಟ್ಟುವಾಗ ಏಳೂ ಜನರ ಸರಾಸರಿಯ ಮೊತ್ತ ಒಂದು ಮಿತಿ ದಾಟೋ ಹಾಗಿಲ್ಲ. ಅಂದ್ರೆ ಎಲ್ಲರೂ ಈ ವರ್ಷ ಚೆನ್ನಾಗಿ ಓಡಿಸಿದರೆ, ಮುಂದಿನ ವರ್ಷ ಯಾರಾದರೂ ಒಬ್ಬ ಮನೆಗೆ! ನಮ್ಮ ಅಪ್ರೈಸಲ್ಲೇ ಕ್ರೂರ ಅಂದುಕೊಂಡಿದ್ದೆ.

ಈ ಸವಾರರು ಸಂಬಳದ ನೌಕರರೂ ಅಲ್ಲ. ತಮ್ಮ ಬೈಕು, ತಮ್ಮ ವ್ಯಾನು, ತಮ್ಮ ಟೈರು. ದುಡ್ಡು ಬರೋದು ಗಳಿಸಿದ ಪಾಯಿಂಟ್ ಲೆಕ್ಕದಲ್ಲಿ. ಒಂದು ಮೂಳೆ ಮುರಿದರೆ ವಾರಗಟ್ಟಲೆ ಆದಾಯ ಹೋಯ್ತು. ಎಷ್ಟೋ ಜನಕ್ಕೆ ಬೇರೆ ಕೆಲಸವೂ ಇದೆ. ಕೆಲವರು ಎರಡೂ ಡಿವಿಷನ್ನಿನಲ್ಲಿ ಓಡಿಸ್ತಾರೆ. ನಿನ್ನೆ ಒಂದೂರು, ಇವತ್ತು ಇನ್ನೊಂದೂರು, ನಡುವೆ ರಾತ್ರಿಯಿಡೀ ಮೋಟಾರ್‌ವೇ. ಬಿದ್ದು, ಎದ್ದು, ಕೈ ಬೀಸಿ, ಮುಂದಿನ ಹೀಟ್‌ಗೆ ಅದೇ ಹುಡುಗ ಮತ್ತೆ ಬಂದು ನಿಂತಾಗ ಜನ ತಟ್ಟೋ ಚಪ್ಪಾಳೆ ಗೆದ್ದವನಿಗೆ ಬೀಳೋದಕ್ಕಿಂತ ಜೋರಾಗಿರುತ್ತೆ.

ಪಂದ್ಯ ಮುಗಿದ ಮೇಲೆ ಪಿಟ್ಸ್ ಕಡೆ ಇಣುಕಿದಾಗ ಒಂದು ಬೈಕಿನ ಮೇಲೆ ‘ಜಾವಾ’ ಅನ್ನೋ ಹೆಸರು ಕಂಡಿತು. ಮೈಸೂರಿನವನಿಗೆ ಅದನ್ನು ನೋಡಿ ಸುಮ್ಮನಿರೋಕೆ ಆಗುತ್ತಾ? ನಮ್ಮಪ್ಪನ ಯೆಜ್ಡಿಯ ವಂಶ ಅದು. 1961ರಿಂದ 1996ರ ತನಕ ಮೈಸೂರಿನಲ್ಲಿ ಐಡಿಯಲ್ ಜಾವಾ ಕಾರ್ಖಾನೆ ಇತ್ತು. ಅತ್ತ ಚೆಕ್ ದೇಶದ ಮೂಲ ಜಾವಾ, 1964ರಲ್ಲಿ ಎಸೋ ಎಂಬ ರೇಸ್ ಬೈಕ್ ಕಂಪನಿಯನ್ನು ಸೇರಿಸಿಕೊಂಡು ಸ್ಪೀಡ್‌ವೇ ಬೈಕ್ ಮಾಡ್ತಾ ಬಂತು. ಅಪ್ಪನಿಗೆ ಫೋಟೋ ಕಳಿಸಿದೆ. ‘ಕಿಕ್ಕರ್ ಎಲ್ಲೋ?’ ಅಂತ ಉತ್ತರ ಬಂತು. ಇಲ್ಲ ಅಪ್ಪ, ತಳ್ಳಿಯೇ ಸ್ಟಾರ್ಟ್ ಮಾಡಬೇಕು.

ಇನ್ನು ಈ ತಂಡದ ಊರಿನ ಕಥೆ. ಮೊನಾರ್ಕ್ಸ್ ಮೊದಲು ಇದ್ದದ್ದು ಎಡಿನ್‌ಬರೋದ ಓಲ್ಡ್ ಮೆಡೋಬ್ಯಾಂಕ್‌ನಲ್ಲಿ. ಅಲ್ಲಿಂದಲೇ ಆಸ್ಟ್ರೇಲಿಯಾದ ಜಾಕ್ ಯಂಗ್ 1951ರಲ್ಲಿ ಲಂಡನ್ನಿನ ವೆಂಬ್ಲಿಗೆ ಹೋಗಿ ವಿಶ್ವ ಚಾಂಪಿಯನ್ ಆದ. ಎರಡನೇ ಡಿವಿಷನ್ನಿನ ಸವಾರನೊಬ್ಬ ಆ ಪಟ್ಟ ಗೆದ್ದದ್ದು ಅದೇ ಮೊದಲು. 1970ರ ಕಾಮನ್‌ವೆಲ್ತ್ ಕ್ರೀಡಾಕೂಟಕ್ಕೆ ಹೊಸ ಸ್ಟೇಡಿಯಂ ಬೇಕಾಯ್ತು, 1967ರ ಸೀಸನ್ ಮುಗಿದ ಮೇಲೆ ಸ್ಪೀಡ್‌ವೇ ಜಾಗ ಖಾಲಿ ಮಾಡಿತು. 1977ರಲ್ಲಿ ನಗರದ ಪೌಡರ್‌ಹಾಲ್‌ಗೆ ಬಂದರು. 1995ಕ್ಕೆ ಅದೂ ಹೋಯ್ತು, ಅಲ್ಲಿ ಮನೆಗಳು ಬಂದವು. ಮರುವರ್ಷ ಗ್ಲಾಸ್ಗೋದಲ್ಲಿ ಓಡಿಸಿದರು. ಬದ್ಧವೈರಿಯ ಮನೆಯಲ್ಲಿ ಬಾಡಿಗೆಗೆ ಇದ್ದ ಹಾಗೆ! 1997ರಿಂದ ಆರ್ಮಡೇಲ್. ಇಲ್ಲಿಗೆ ಬಂದ ಮೇಲೆ ಐದು ಸಲ ಲೀಗ್ ಗೆದ್ದಿದ್ದಾರೆ. ಹೆಸರು ಮಾತ್ರ ಆರ್ಮಡೇಲ್ ಆಗಲಿಲ್ಲ. ಎದೆಯ ಮೇಲೆ ಈಗಲೂ ಎಡಿನ್‌ಬರೋ ಅಂತಲೇ ಇದೆ.

ಆರು ವರ್ಷದಲ್ಲಿ ನಾಲ್ಕು ಬಾಡಿಗೆ ಮನೆ ಬದಲಿಸಿ, ಯಾರೇ ಕೇಳಿದರೂ ‘ಮೈಸೂರು’ ಅಂತಲೇ ಹೇಳುವ ನನಗೆ ಇದು ವಿಚಿತ್ರ ಅನ್ನಿಸಲಿಲ್ಲ.

ಒಂದು ಶನಿವಾರ ಬೆರ್ವಿಕ್‌ಗೆ ಹೋಗಿದ್ದೆ. ಗಡಿಯಿಂದ ಆಚೆ ಇಂಗ್ಲೆಂಡಿನ ಊರು, ಆದರೆ ಅದರ ಫುಟ್‌ಬಾಲ್ ತಂಡ ಆಡೋದು ಸ್ಕಾಟ್ಲೆಂಡ್ ಲೀಗಿನಲ್ಲಿ. ಅದೇ ಶೀಲ್‌ಫೀಲ್ಡ್ ಮೈದಾನದಲ್ಲಿ ಫುಟ್‌ಬಾಲ್ ಅಂಗಳದ ಸುತ್ತ ಸ್ಪೀಡ್‌ವೇ ಟ್ರ್ಯಾಕು. ಅಲ್ಲಿ ಕಪ್ಪು-ಬಿಳಿ ಜಾಕೆಟ್ ಹಾಕಿದ್ದ ಗಂಡ-ಹೆಂಡತಿ ಇದ್ದರು. ಅದು ನ್ಯೂಕಾಸಲ್ ಡೈಮಂಡ್ಸ್‌ನ ಬಣ್ಣ. ಆ ತಂಡ 2022ರಲ್ಲಿ ಸೀಸನ್ ನಡುವೆಯೇ ಮುಚ್ಚಿತ್ತು. ‘ಈಗ ಯಾರಿಗೆ ಸಪೋರ್ಟ್?’ ಅಂತ ಕೇಳಿದೆ. ಹೆಂಡತಿ ಟ್ರ್ಯಾಕಿನ ಕಡೆ ನೋಡ್ತಾ, ‘ಯಾರಿಗೂ ಇಲ್ಲಪ್ಪ. ಮೆಥನಾಲ್ ವಾಸನೆಗೆ ಬರ್ತೀವಿ’ ಅಂದರು. ಆಮೇಲೆ ಪ್ರತಿ ಶುಕ್ರವಾರ ಆರ್ಮಡೇಲ್‌ನ ಗೇಟಿನಲ್ಲಿ ಟಿಕೆಟ್ ತಗೊಳ್ಳುವಾಗ ಎಷ್ಟು ಜನ ಬಂದಿದ್ದಾರೆ ಅಂತ ತಲೆ ಎಣಿಸೋದು ನನಗೂ ಅಭ್ಯಾಸವಾಯ್ತು. ಮಳೆ ಬಂದು ಪಂದ್ಯ ರದ್ದಾದರೆ ಹೊಟ್ಟೆಯಲ್ಲಿ ಸಣ್ಣ ಸಂಕಟ. ಆ ರಾತ್ರಿಯ ಗೇಟಿನ ದುಡ್ಡು ಹೋಯ್ತಲ್ಲ ಅಂತ.

ಆ ವರ್ಷ ಲೀಗ್ ಗೆದ್ದದ್ದು ಗ್ಲಾಸ್ಗೋ ಟೈಗರ್ಸ್, ಫೈನಲ್‌ನಲ್ಲಿ ಪೂಲ್ ತಂಡವನ್ನು ಸೋಲಿಸಿ. ಅಜ್ಜನ ಹತ್ತಿರ ಈ ವಿಷಯ ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ.

ಸ್ಕಾಟ್ಲೆಂಡಿಗೆ ಬಂದವರು ಕೋಟೆ, ಸರೋವರ ಎಲ್ಲ ನೋಡಿ, ಬೇಡ ಅನ್ನಲ್ಲ. ಒಂದು ಶುಕ್ರವಾರ ಮಾತ್ರ ಈ ಕಡೆ ಬಿಡಿ. ಜೂನ್‌ನಲ್ಲಿ ಬಂದರೆ ಕೊನೇ ಹೀಟ್ ತನಕ ಆಕಾಶದಲ್ಲಿ ಬೆಳಕಿರುತ್ತೆ. ಆದರೂ ದಪ್ಪ ಜಾಕೆಟ್ ಇರಲಿ. ತಿರುವಿನಲ್ಲಿ ಬೇಲಿ ಪಕ್ಕ ನಿಂತರೆ ಟೀ ಕಪ್ಪನ್ನು ಕೈಯಿಂದ ಮುಚ್ಚಿಕೊಳ್ಳಿ, ಮಣ್ಣು ಹಾರಿ ಬೀಳುತ್ತೆ. ಊರಿನ ತಂಡದ ಹೆಲ್ಮೆಟ್ ಕೆಂಪು, ನೀಲಿ. ಹೊರಗಿನವರದು ಬಿಳಿ, ಹಳದಿ. ಪೆನ್ನು ಎರಡು ತಗೊಂಡು ಹೋಗಿ.