ನರ್ಮದೆಯ ನೆನಪು, ಬ್ಯಾಡಗಿಯ ಖಾರ

ಗದುಗಿನ ಜೋಡಿ ಊರು ಬೆಟಗೇರಿಯ ಓಣಿಗಳಲ್ಲಿ ಲಗ್ನದ ಸುಗ್ಗಿ ಬಂದಾಗ ಮನೆಮನೆಗೆ ಬರುವ ಪತ್ರಿಕೆಗಳಲ್ಲಿ ಕೆಲವನ್ನು ಹೆಸರು ನೋಡಿದೊಡನೆ ಗುರುತಿಸಬಹುದು. ಅಚ್ಚು ಕನ್ನಡದ್ದು, ಒಕ್ಕಣೆಯೂ ಕನ್ನಡದ್ದೇ. ಆದರೆ ಗಂಡಸರ ಹೆಸರುಗಳೆಲ್ಲ ನಾಗೂಸಾ, ಗಣಪತಸಾ, ವಿಠ್ಠಲಸಾ ಎಂದು ಒಂದೇ ರೀತಿ ಮುಗಿಯುತ್ತವೆ. ಪತ್ರಿಕೆ ಕೊಡಲು ಬಂದವರು ‘ತಪ್ಪದ ಬರ್ರಿ, ಹಿಂದಿನ ದಿವಸಾನ ಬರಬೇಕ್ರಿ’ ಎಂದು ಗದುಗಿನ ಕನ್ನಡದಲ್ಲೇ ಒತ್ತಾಯ ಮಾಡುತ್ತಾರೆ. ಜೊತೆಗೆ ಬಂದ ತಮ್ಮವರ ಕಡೆ ತಿರುಗಿ ಎರಡು ಮಾತಾಡಿದರೆ ಮಾತ್ರ ಬೇರೆಯದೇ ಒಂದು ಭಾಷೆ ಕೇಳಿಸುತ್ತದೆ. ಕಿವಿಗೆ ಮರಾಠಿಯ ಹಾಗೆ, ಗುಜರಾತಿಯ ಹಾಗೆ. ಎರಡನ್ನೂ ಬಲ್ಲವರಿಗೆ ಎರಡರಲ್ಲೂ ಪೂರ್ತಿ ಸಿಕ್ಕದ ಮಾತು ಅದು.

ಇವರು ಸೋಮವಂಶ ಸಹಸ್ರಾರ್ಜುನ ಕ್ಷತ್ರಿಯರು. ಎಸ್‌ಎಸ್‌ಕೆ ಎಂದರೆ ಹುಬ್ಬಳ್ಳಿ, ಧಾರವಾಡ, ಗದಗ ಕಡೆಯವರಿಗೆಲ್ಲ ಗೊತ್ತು. ಹಳೆಯ ಕಾಗದಪತ್ರಗಳಲ್ಲಿ ಪಟ್ಟೇಗಾರರು, ಊರ ಬಾಯಲ್ಲಿ ಸಾವಜಿಗಳು. ರೇಷ್ಮೆ ನೇಯುವುದು ಕುಲಕಸುಬು, ಅಂಬಾಭವಾನಿ ಕುಲದೇವತೆ. ಮೂಲಪುರುಷ ಕಾರ್ತವೀರ್ಯ ಸಹಸ್ರಾರ್ಜುನ, ಮೂಲಸ್ಥಾನ ನರ್ಮದೆಯ ದಂಡೆಯ ಮಾಹಿಷ್ಮತಿ, ಅಂದರೆ ಇಂದಿನ ಮಧ್ಯಪ್ರದೇಶದ ಮಹೇಶ್ವರ ಎಂಬುದು ಸಮಾಜದ ನಂಬಿಕೆ. ಕಾರ್ತಿಕ ಶುದ್ಧ ಸಪ್ತಮಿಯಂದು ಆ ಅರಸನ ಜಯಂತಿ ನಡೆಯುತ್ತದೆ.

ನಂಬಿಕೆ ಪುರಾಣದ್ದಾದರೂ ರೇಷ್ಮೆ ನೇಕಾರರು ಊರು ಬಿಟ್ಟು ಊರಿಗೆ ಹೋದದ್ದಕ್ಕೆ ಕಲ್ಲಿನ ಸಾಕ್ಷಿಯೇ ಇದೆ. ಮಧ್ಯಪ್ರದೇಶದ ಮಂದಸೋರಿನಲ್ಲಿ ಸಿಕ್ಕ 5ನೆಯ ಶತಮಾನದ ಸಂಸ್ಕೃತ ಶಾಸನ ಗುಜರಾತಿನ ಲಾಟ ದೇಶದಿಂದ ದಶಪುರಕ್ಕೆ ವಲಸೆ ಬಂದ ರೇಷ್ಮೆ ನೇಕಾರರ ಶ್ರೇಣಿಯದು. ಅವರು ಅಲ್ಲಿ ಸೂರ್ಯನಿಗೆ ಗುಡಿ ಕಟ್ಟಿಸಿದರು, 473ರಲ್ಲಿ ಜೀರ್ಣೋದ್ಧಾರವನ್ನೂ ಮಾಡಿಸಿದರು. ಬಂದವರಲ್ಲಿ ಕೆಲವರು ಮಗ್ಗವನ್ನೇ ಹಿಡಿದುಕೊಂಡರು, ಕೆಲವರು ಬಿಲ್ಲುವಿದ್ಯೆ ಕಲಿತರು, ಕೆಲವರು ಜ್ಯೋತಿಷ್ಯಕ್ಕೆ ಇಳಿದರು ಎಂದು ವತ್ಸಭಟ್ಟಿ ಎಂಬ ಕವಿ ಅದರಲ್ಲಿ ಬರೆದಿದ್ದಾನೆ. ಬೆಟಗೇರಿಯ ಮನೆತನಗಳಿಗೂ ಆ ಶ್ರೇಣಿಗೂ ನೇರ ನಂಟು ಕಟ್ಟುವುದು ಸರಿಯಲ್ಲ. ಆದರೂ ಸಾವಿರದೈನೂರು ವರ್ಷಗಳ ಆ ಕಲ್ಲು ಓದುವಾಗ ಇಂದಿನ ಒಂದು ಸಾವಜಿ ಮನೆಯೇ ಕಣ್ಣಮುಂದೆ ಬರುತ್ತದೆ: ಅಜ್ಜ ನೇಕಾರ, ಮಗ ಜವಳಿ ವ್ಯಾಪಾರಿ, ಮೊಮ್ಮಗ ಬೆಂಗಳೂರಿನಲ್ಲಿ ಎಂಜಿನಿಯರ್. ಬೆಂಗಳೂರಿನ ಖೋಡೆ ಮನೆತನವೂ ಇದೇ ಸಮಾಜದ್ದು, ರೇಷ್ಮೆಯಿಂದಲೇ ಹೊರಟು ದೊಡ್ಡ ಉದ್ಯಮ ಕಟ್ಟಿದ್ದು.

ಬೆಟಗೇರಿಗೆ ಬಂದ ಹೊರಗಿನವರು ಇವರೊಬ್ಬರೇ ಏನಲ್ಲ. 1841ರ ಹೊತ್ತಿಗೆ ಬಾಸೆಲ್ ಮಿಶನ್ನಿನವರು ಇಲ್ಲಿ ನೆಲೆ ಹೂಡಿದರು, ಶಾಲೆ ತೆರೆದರು, ಮುಂದೆ ಆಸ್ಪತ್ರೆಯನ್ನೂ ಕಟ್ಟಿದರು. ಮೊದಲ ಮಹಾಯುದ್ಧ ಬಂದಾಗ ಮಿಶನ್ನಿನ ಜರ್ಮನರು ಹೋಗಬೇಕಾಯಿತು. ಜನ ಇಂದಿಗೂ ಆ ಆಸ್ಪತ್ರೆಯನ್ನು ಜರ್ಮನ್ ದವಾಖಾನಿ ಎನ್ನುತ್ತಾರೆ. ಮುಂಡರಗಿ, ಶಿರಹಟ್ಟಿ ಸೀಮೆಯ ತಾಂಡಾಗಳ ಲಂಬಾಣಿಗರು ತಮ್ಮ ಬೇರು ರಾಜಸ್ಥಾನದ ಕಡೆಯದೆನ್ನುತ್ತಾರೆ. ಶಿರಹಟ್ಟಿ ಸಾಂಗ್ಲಿ ಸಂಸ್ಥಾನದ ಕೈಯಲ್ಲಿತ್ತು, ಲಕ್ಷ್ಮೇಶ್ವರ ಮಿರಜ ಸಂಸ್ಥಾನದ ಕೈಯಲ್ಲಿ. 1948ರ ವಿಲೀನದವರೆಗೂ ದೊರೆ ಮರಾಠಿಗ, ಪ್ರಜೆ ಕನ್ನಡಿಗ. ಇಂಥ ನಾಡಿನಲ್ಲಿ ಮನೆಗೊಂದು, ಪೇಟೆಗೊಂದು ಭಾಷೆ ಆಡುವವನನ್ನು ಯಾರೂ ವಿಚಿತ್ರವಾಗಿ ನೋಡುತ್ತಿರಲಿಲ್ಲ. ಈ ಸೀಮೆಯ ದೊಡ್ಡತನ ಅದು ಎಂದು ಗಟ್ಟಿಯಾಗಿ ಹೇಳಬೇಕು.

ಸಾವಜಿ ಎಂದೊಡನೆ ಕನ್ನಡಿಗರಿಗೆ ನೆನಪಾಗುವುದು ಮಗ್ಗವಲ್ಲ, ಮಟನ್. ಗದಗ, ಲಕ್ಷ್ಮೇಶ್ವರ, ಮುಂಡರಗಿಯ ಪೇಟೆಯಲ್ಲಿ ಲಿಂಗಾಯತ ಖಾನಾವಳಿಯ ಬೋರ್ಡು ಎಷ್ಟು ಸಹಜವೋ ಸಾವಜಿ ಹೋಟೆಲಿನದೂ ಅಷ್ಟೇ ಸಹಜ. ಒಳಗೆ ಕೂತರೆ ಮೊದಲು ಬರುವುದು ಸ್ಟೀಲಿನ ಬಟ್ಟಲಿನಲ್ಲಿ ಎಸರು. ಮೇಲೆ ಬೆರಳುದ್ದ ಕೆಂಪು ಎಣ್ಣೆ, ಕೆಳಗೆ ಕಪ್ಪಿಗೆ ತಿರುಗಿದ ಮಸಾಲೆ. ಖೀಮಾ ಉಂಡಿ, ಚಾಕಣಾ, ಎಣ್ಣೆಯಲ್ಲಿ ಕರಿದ ಎಡ್ಮಿ ಆಮೇಲೆ. ‘ಅಣ್ಣಾ, ಎಸರ ಇನ್ನಷ್ಟ ಹಾಕ್ರಿ’ ಎಂಬ ಕೂಗು ಪ್ರತಿ ಮೇಜಿನಿಂದ ಏಳುತ್ತದೆ.

ಮನೆಯ ಅಡುಗೆ ಇದಕ್ಕಿಂತ ನಿಧಾನದ್ದು. ಒಣಕೊಬ್ಬರಿಯನ್ನು ಮೊದಲು ಹುರಿಯುತ್ತಾರೆ, ಅಂಚು ಕಂದಾಗುವವರೆಗೆ. ಗಸಗಸೆ ಬೇರೆ, ಕೊತ್ತಂಬರಿ ಕಾಳು ಬೇರೆ, ಲವಂಗ ಚಕ್ಕೆ ಬೇರೆ, ಕಲ್ಲುಹೂ ಕೊನೆಗೆ. ಒಂದೊಂದಕ್ಕೆ ಒಂದೊಂದು ಉರಿ. ಎಲ್ಲ ಒಟ್ಟಿಗೆ ಬಾಣಲೆಗೆ ಸುರಿದ ಸೊಸೆ ಅತ್ತೆಯಿಂದ ಮಾತು ಕೇಳಬೇಕಾಗುತ್ತದೆ, ಅದೂ ಮನೆಯ ಭಾಷೆಯಲ್ಲೇ. ಹುರಿದದ್ದನ್ನು ಬೆಳ್ಳುಳ್ಳಿ, ಶುಂಠಿಯೊಂದಿಗೆ ನುಣ್ಣಗೆ ಅರೆದು ಎಣ್ಣೆಗೆ ಬಿಟ್ಟರೆ, ಮಸಾಲೆ ಎಣ್ಣೆ ಬಿಡುವವರೆಗೂ ಕೈ ನಿಲ್ಲಿಸುವ ಹಾಗಿಲ್ಲ. ಅಳತೆ ಬರೆದಿಡುವ ರೂಢಿ ಇಲ್ಲ. ಎಷ್ಟು ಹಾಕಬೇಕು ಎಂದು ಕೇಳಿದರೆ ‘ಕೈಗೆ ಗೊತ್ತಾಗ್ತೈತಿ’ ಎಂಬುದೇ ಉತ್ತರ.

ಆ ಎಸರಿನ ಬಣ್ಣ ಮಾತ್ರ ನರ್ಮದೆಯಿಂದ ಬಂದದ್ದಲ್ಲ. ಅದು ಇದೇ ಬಯಲುಸೀಮೆಯ ಬ್ಯಾಡಗಿ ಮೆಣಸಿನಕಾಯಿಯದು. 2011ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಪಡೆದದ್ದು ಅದೇ ಮೆಣಸಿನಕಾಯಿ. ಮೆಣಸಿನಕಾಯಿಯಾದರೂ ಈ ನೆಲದ ಮೂಲದ್ದೇ? 16ನೆಯ ಶತಮಾನದಲ್ಲಿ ಪೋರ್ತುಗೀಸರ ಹಡಗು ಏರಿ ಅಮೆರಿಕ ಖಂಡದಿಂದ ಬಂದದ್ದು. ಎಸರಿನ ಜೊತೆ ಬರುವ ರೊಟ್ಟಿಯ ಜೋಳ ಗದುಗಿನ ಕರಿಮಣ್ಣಿನದು. ಅಂದರೆ ಕುಲದ ಅಡುಗೆ ಎಂದು ಹೆಮ್ಮೆಯಿಂದ ಬಡಿಸುವ ತಾಟಿನಲ್ಲಿ ಬಂದ ಊರಿಗಿಂತ ಸೇರಿದ ಊರಿನ ಪಾಲೇ ಹೆಚ್ಚು.

ಇಟಲಿಯವರ ಕಥೆ ಇದಕ್ಕೆ ತುಂಬ ಹತ್ತಿರ. 1880ರಿಂದ 1920ರ ದಶಕದ ನಡುವೆ 40 ಲಕ್ಷಕ್ಕೂ ಹೆಚ್ಚು ಇಟಾಲಿಯನ್ನರು ಅಮೆರಿಕಕ್ಕೆ ಹೋದರು. ಬಹುಪಾಲು ಜನ ಸಿಸಿಲಿ, ನೇಪಲ್ಸ್ ಸೀಮೆಯ ಬಡ ರೈತರು, ಕೂಲಿಗಳು. ಊರಲ್ಲಿ ಮಾಂಸ ಹಬ್ಬದ ದಿನದ ಮಾತಾಗಿತ್ತು. ನ್ಯೂಯಾರ್ಕಿನಲ್ಲಿ ಕೂಲಿಯ ಡಾಲರು ಕೈಗೆ ಬಂದು ಮಾಂಸ ಎಟುಕುವಂತಾದಾಗ ಖೀಮಾ ಉಂಡೆಗಳನ್ನು ಸ್ಪಗೆಟಿಯ ಮೇಲೆ, ಟೊಮ್ಯಾಟೊ ಸಾರಿನಲ್ಲಿ ಬಡಿಸುವ ಊಟ ಬೆಳೆಯಿತು. ಇಂದು ಜಗತ್ತು ಇಟಲಿಯದೆಂದು ತಿನ್ನುವ ಆ ಊಟ ವಲಸಿಗರ ಅಡುಗೆಮನೆಯಲ್ಲಿ ಹುಟ್ಟಿದ್ದು. ಆ ಟೊಮ್ಯಾಟೊ ಕೂಡ ಮೆಣಸಿನಕಾಯಿಯಂತೆ ಅಮೆರಿಕ ಖಂಡದಿಂದಲೇ ಯುರೋಪಿಗೆ ಹೋಗಿ, ಮತ್ತೆ ವಲಸಿಗರ ಸಾರಿನಲ್ಲಿ ತಿರುಗಿ ಬಂದದ್ದು. ನ್ಯೂಯಾರ್ಕಿನಲ್ಲಿ ಮೂರನೆಯ ತಲೆಮಾರಿಗೆ ಅಜ್ಜಿಯ ಸಿಸಿಲಿ ಮಾತು ಅರ್ಥವಾಗುತ್ತಿರಲಿಲ್ಲ. ಭಾನುವಾರದ ಸಾರು ಮಾತ್ರ ಉಳಿಯಿತು.

ಬೆಟಗೇರಿಯಲ್ಲಿ ಆದದ್ದು ಬೇರೆ. ಇಲ್ಲಿ ಭಾಷೆ ಮೂರು ತಲೆಮಾರಿಗೆ ಸಾಯಲಿಲ್ಲ. ಶತಮಾನಗಳುದ್ದಕ್ಕೂ ಲಿಪಿಯಿಲ್ಲದೆ, ಪಾಠಪುಸ್ತಕವಿಲ್ಲದೆ ಬದುಕಿತು. ಅದಕ್ಕೆ ಕಾರಣ ಮಗ್ಗ ಎಂದು ತೋರುತ್ತದೆ. ನೇಕಾರರ ಮನೆಯಲ್ಲಿ ಕೆಲಸವೂ ಮನೆಯೂ ಒಂದೇ ಸೂರಿನಡಿ. ಗಂಡಸು ಕುಣಿಮಗ್ಗದಲ್ಲಿ ಲಾಳಿ ಎಸೆಯುವಾಗ ಹೆಂಗಸು ಪಕ್ಕದಲ್ಲಿ ಕಂಡಿಕೆ ಸುತ್ತುತ್ತಾಳೆ, ಹುಡುಗ ಹರಿದ ಎಳೆಗೆ ಗಂಟು ಹಾಕುತ್ತಾನೆ. ಬೆಳಗಿನಿಂದ ಸಂಜೆಯವರೆಗೆ ಮೂರು ತಲೆಮಾರು ಒಂದೇ ಕೋಣೆಯಲ್ಲಿ ಮಾತಾಡುತ್ತ ದುಡಿದರೆ ಭಾಷೆಗೆ ಶಾಲೆ ಬೇಕಾಗುವುದಿಲ್ಲ. ವಿದ್ಯುತ್ ಮಗ್ಗ ಬಂತು, ಅದರ ಸದ್ದಿನಲ್ಲಿ ಮಾತು ಕಡಿಮೆಯಾಯಿತು. ಮಕ್ಕಳು ಇಂಗ್ಲಿಷ್ ಮಾಧ್ಯಮಕ್ಕೆ, ಅಲ್ಲಿಂದ ಬೆಂಗಳೂರು ಪುಣೆಗೆ ಹೋದರು. ಎಸರು ಬೀದಿಗೆ ಬಂದು ಎಲ್ಲರದಾಯಿತು. ಮಾತು ಒಳಗೇ ಉಳಿದು ಈಗ ಸೊರಗುತ್ತಿದೆ.

ಮದುರೈಗೆ ಹೋದ ಸೌರಾಷ್ಟ್ರ ರೇಷ್ಮೆ ನೇಕಾರರ ಮಾತು ಇದಕ್ಕೆ ಸೋದರಿಯಂಥದ್ದು. ತಮಿಳಿನ ಹೆಸರಾಂತ ಗಾಯಕ ಟಿ.ಎಂ. ಸೌಂದರರಾಜನ್ ಆ ಸಮಾಜದವರು. ಆ ನೇಕಾರರು ತಮ್ಮ ಭಾಷೆಗೆ ಲಿಪಿ ಮಾಡಿಕೊಂಡರು, ಪುಸ್ತಕ ಅಚ್ಚು ಹಾಕಿದರು. ಜನಗಣತಿಯಲ್ಲೂ ಅದಕ್ಕೆ ಗುಜರಾತಿಯ ಅಡಿಯಲ್ಲಿ ಪ್ರತ್ಯೇಕ ಸಾಲು ಸಿಕ್ಕಿದೆ. ಬೆಟಗೇರಿ, ಹುಬ್ಬಳ್ಳಿಯ ಮಾತಿಗೆ ಅಂಥ ಆರೈಕೆ ಸಿಗಲಿಲ್ಲ ಎಂಬುದು ನೋವಿನ ಸಂಗತಿ. ಹೊಸ ಲಿಪಿ ಬೇಕೆಂದೇನೂ ಇಲ್ಲ. ತುಳು, ಕೊಡವ, ಕೊಂಕಣಿ, ಬ್ಯಾರಿ ಮಾತುಗಳನ್ನು ಹೊತ್ತ ಕನ್ನಡ ಅಕ್ಷರ ಇದನ್ನೂ ಹೊರಬಲ್ಲದು. ಬ್ಯಾರಿ ಸಾಹಿತ್ಯ ಅಕಾಡೆಮಿ ಆದದ್ದು 2009ರಲ್ಲಿ, ಅರೆಭಾಷೆಯದು 2011ರಲ್ಲಿ. ಅದಕ್ಕೆ ಮೊದಲು ಆ ಭಾಷೆಗಳ ಜನ ತಾವೇ ಪದಗಳನ್ನು, ಹಾಡುಗಳನ್ನು, ಗಾದೆಗಳನ್ನು ಕೂಡಿಸಿ ಬರೆದಿಟ್ಟಿದ್ದರು.

ದಸರೆಯ ಒಂಬತ್ತು ರಾತ್ರಿ ಅಂಬಾಭವಾನಿಯ ಗುಡಿಗಳಲ್ಲಿ ಆರತಿಗೆ ಸೇರುವ ಹೆಂಗಸರಲ್ಲಿ ಹಳಬರಿಗೆ ಮನೆಮಾತಿನ ಹಾಡು ಬಾಯಿಪಾಠವಿದೆ. ಹರೆಯದ ಹುಡುಗಿಯರ ಕೈಯಲ್ಲಿ ಫೋನಿದೆ. ಆರತಿಯ ಫೋಟೋದ ಜೊತೆಗೆ ಆ ಹಾಡನ್ನೂ ಹಿಡಿದಿಟ್ಟರೆ ಅರ್ಧ ಕೆಲಸ ಆದಂತೆ. ಇನ್ನರ್ಧವನ್ನು ಮಗ್ಗದ ಭಾಗಗಳ ಹೆಸರಿನಿಂದ ಶುರು ಮಾಡಬೇಕು. ಮಸಾಲೆಯ ಹೆಸರು ಅಡುಗೆಮನೆಯಲ್ಲಿ ಇನ್ನೂ ಕೆಲವು ವರ್ಷ ಉಳಿದೀತು, ಕುಣಿಮಗ್ಗದಲ್ಲಿ ಕೂತು ನೇಯ್ದ ಮುದುಕರು ಬೆಟಗೇರಿಯಲ್ಲಿ ವರ್ಷದಿಂದ ವರ್ಷಕ್ಕೆ ಕಡಿಮೆಯಾಗುತ್ತಿದ್ದಾರೆ.