ತಲೆ ಎತ್ತಿ ನೋಡಿದ ದಾರಿ

ಹಳೆಯ ಮೋಟಾರ್‌ಸೈಕಲ್‌ನಲ್ಲಿ ಹೋಗುವವನಿಗೆ ಊರುಗಳು ಕಾಣುವುದು ಕಡಿಮೆ. ಮುಂದಿನ ಫೋರ್ಕ್ ಸೋತಿದ್ದರಂತೂ ಕಣ್ಣು ಚಕ್ರದ ಮುಂದಿನ ಹತ್ತಡಿಯಲ್ಲೇ ನೆಟ್ಟಿರುತ್ತದೆ. ಗುಂಡಿ, ಜಲ್ಲಿ, ಹಂಪು, ಮತ್ತೆ ಗುಂಡಿ. ಈ ಸಲ ರಾಯದುರ್ಗದಿಂದ ಮಡಕಶಿರದವರೆಗೆ ನಾನು ತಲೆ ಎತ್ತಿಕೊಂಡು ಹೋದೆ. ಎರಡು ಸ್ಪ್ರಿಂಗ್, ಎರಡು ಆಯಿಲ್ ಸೀಲ್, ಒಂದಿಷ್ಟು ಎಣ್ಣೆ ಬದಲಾದದ್ದಕ್ಕೆ ಒಂದು ಸೀಮೆಯೇ ಕಣ್ಣಿಗೆ ಬಿತ್ತು ಅಂದರೆ ನಂಬುತ್ತೀರಾ?

ಗಾಡಿ ಯೆಜ್ಡಿ ರೋಡ್‌ಕಿಂಗ್, ನಮ್ಮ ಮೈಸೂರಿನದು. ಐಡಿಯಲ್ ಜಾವಾ ಕಾರ್ಖಾನೆಯಲ್ಲಿ 1961ರಿಂದ ಜಾವಾ, ಆಮೇಲೆ ಯೆಜ್ಡಿ ತಯಾರಾದವು. 1996ರಲ್ಲಿ ಕಾರ್ಖಾನೆ ಬಾಗಿಲು ಹಾಕಿತು. ಎರಡು ಸೈಲೆನ್ಸರಿನ ಆ ಸದ್ದು ಕೇಳಿದರೆ ಈ ಕಡೆಯ ಹಿರಿಯರು ಈಗಲೂ ಕಟ್ಟೆಯಿಂದ ಎದ್ದು ಬರುತ್ತಾರೆ. ಅದರ ಫೋರ್ಕ್ ಪೈಪುಗಳಿಗೆ ಬೆಂಗಳೂರಿನ ಪೀಣ್ಯದಲ್ಲಿ ಹೊಸದಾಗಿ ಹಾರ್ಡ್ ಕ್ರೋಮ್ ಹಾಕಿಸಿದ್ದೆ. ಜೋಡಿಸುವ ಕೆಲಸ ನಡೆದದ್ದು ರಾಯದುರ್ಗದ ಒಂದು ಸಣ್ಣ ಅಂಗಡಿಯಲ್ಲಿ. ಮೇಸ್ತ್ರಿ ಹುಡುಗನಿಗೆ ತೆಲುಗಿನಲ್ಲಿ ಸ್ಪ್ಯಾನರ್ ಕೇಳುತ್ತಿದ್ದರು, ಎಣ್ಣೆ ಅಳೆಯುವಾಗ ಕನ್ನಡದಲ್ಲಿ ಎಣಿಸುತ್ತಿದ್ದರು. ಇದರಲ್ಲಿ ವಿಶೇಷವೇನಿಲ್ಲ. ಈಗ ಆಂಧ್ರದಲ್ಲಿರುವ ಈ ತಾಲ್ಲೂಕು 1953ರ ಅಕ್ಟೋಬರ್ 1ರವರೆಗೆ ಬಳ್ಳಾರಿ ಜಿಲ್ಲೆಯಲ್ಲೇ ಇತ್ತು.

"ಎಣ್ಣೆ ಇನ್ನೊಂಚೂರು ಗಟ್ಟಿ ಹಾಕ್ಲಾ ಅಣ್ಣ? ಬ್ರೇಕ್ ಹಿಡಿದ್ರೆ ಮುಂದಕ್ಕೆ ಕುಸಿಯಲ್ಲ" ಅಂದರು.

ಬೇಡ ಅಂದೆ. ಬಹಳ ಕಡೆ ಕೊಡುವ ಮದ್ದು ಇದೇ, ಆದರೆ ನನಗೆ ಒಪ್ಪಿಗೆಯಿಲ್ಲ. ಫೋರ್ಕ್ ಅಂದರೆ ಒಂದರೊಳಗೊಂದು ಜಾರುವ ಕೊಳವೆಗಳು. ಒಳಗಿನ ಸ್ಪ್ರಿಂಗ್ ಭಾರ ಹೊರುತ್ತದೆ, ಎಣ್ಣೆ ಸಣ್ಣ ತೂತುಗಳಲ್ಲಿ ನುಸುಳುತ್ತಾ ಸ್ಪ್ರಿಂಗಿನ ಕುಣಿತವನ್ನು ಅಡಗಿಸುತ್ತದೆ. ಜರ್ಮನಿಯ ಬಿಎಂಡಬ್ಲ್ಯು 1935ರಲ್ಲಿ ತನ್ನ ಆರ್ 12 ಗಾಡಿಗೆ ಇಂಥ ಎಣ್ಣೆಯ ಫೋರ್ಕ್ ಕೊಟ್ಟಿತು. ಹಳೆಯ ಗಾಡಿಗಳದ್ದೆಲ್ಲ ಹೆಚ್ಚುಕಮ್ಮಿ ಅದೇ ವಂಶ. ಆದರೆ ತೂತಿನ ಸ್ವಭಾವವೇ ಬೇರೆ. ಚಕ್ರ ಏಳುವ ವೇಗ ಇಮ್ಮಡಿಯಾದರೆ ಎಣ್ಣೆಯ ತಡೆ ಸುಮಾರು ನಾಲ್ಮಡಿಯಾಗುತ್ತದೆ. ಹಾಗಾಗಿ ಬ್ರೇಕ್ ಹಿಡಿದಾಗ ಮೆಲ್ಲಗೆ ಕುಸಿಯುವ ಫೋರ್ಕು, ಚೂಪು ಗುಂಡಿ ಸಿಕ್ಕರೆ ಸೆಟೆದು ಅಂಗೈಗೆ ಬಡಿಯುತ್ತದೆ. ಎಣ್ಣೆ ಗಟ್ಟಿ ಮಾಡಿದರೆ ಕುಸಿತ ಅಷ್ಟಿಷ್ಟು ತಗ್ಗೀತು, ಬಡಿತ ಮಾತ್ರ ಜೋರಾಗುತ್ತದೆ. ಭಾರ ಹೊರಬೇಕಾದದ್ದು ಸ್ಪ್ರಿಂಗ್. ಅದು ದಣಿದಿದ್ದರೆ ಅದನ್ನೇ ಬದಲಿಸಬೇಕು. ಮೊದಲು ಮೆತ್ತಗೆ ಬಗ್ಗಿ, ಒತ್ತಿದಷ್ಟೂ ಬಿಗಿಯಾಗುವ ಪ್ರೋಗ್ರೆಸಿವ್ ಸ್ಪ್ರಿಂಗ್ ಹಾಕಿಸಿದೆ. ಮೇಲೊಂದು ಸ್ಪೇಸರ್ ಇಟ್ಟು, ನಾನು ಕೂತಾಗ ಫೋರ್ಕ್ ತನ್ನ ಒಟ್ಟು ಓಟದ ಕಾಲುಭಾಗದಿಂದ ಮೂರನೇ ಒಂದು ಭಾಗದೊಳಗೆ ಇಳಿಯುವಂತೆ ನೋಡಿಕೊಂಡೆವು. ಹೀಗೆ ಇಳಿದಿದ್ದರೇ ಗುಂಡಿಯಲ್ಲಿ ಚಕ್ರ ಕೆಳಗಿಳಿದು ನೆಲ ಮುಟ್ಟಲು ಎಡೆ ಸಿಗುವುದು. ಮೇಸ್ತ್ರಿ ಹ್ಯಾಂಡಲ್ ಅದುಮಿ ಬಿಟ್ಟರು. ಗಾಡಿ ಎದ್ದು ನಿಂತಿತು, ಮತ್ತೆ ತೂಗಲಿಲ್ಲ. ಅವರ ಮುಖ ಅರಳಿತು.

ಪರೀಕ್ಷೆಗೆಂದು ಬೊಮ್ಮನಹಾಳ್ ಕಡೆಗೆ, ದರ್ಗಾ ಹೊನ್ನೂರಿಗೆ ಹೋದೆ. ಸಮುದ್ರವಿಲ್ಲದ, ರಾಜಸ್ಥಾನವೂ ಅಲ್ಲದ ಈ ಊರಿನ ಹೊಲಗಳಲ್ಲಿ ಮರಳದಿಬ್ಬಗಳಿವೆ! ವೇದಾವತಿಯನ್ನು ಇಲ್ಲಿ ಹಗರಿ ಅನ್ನುತ್ತಾರೆ. ಬತ್ತಿದ ಹಗರಿಯ ಪಾತ್ರದಿಂದ ಮುಂಗಾರು ಗಾಳಿ ಮರಳನ್ನು ಎತ್ತಿ ತಂದು ಪೈರಿನ ಮೇಲೆ ಸುರಿಯುತ್ತದೆ. ಅನಂತಪುರ ಸೀಮೆಗೆ ವರ್ಷಕ್ಕೆ ಬೀಳುವ ಮಳೆ ಸರಾಸರಿ 550 ಮಿಲಿಮೀಟರ್‌ನಷ್ಟು. ಆ ಮಳೆ ನಂಬಿ ಬಿತ್ತಿದವರ ಹೊಲದಲ್ಲಿ ಅಲೆಅಲೆಯಾಗಿ ನಿಂತ ಮರಳು ನೋಡಿ ಬೆರಗಾಯಿತು, ಅಷ್ಟೇ ಸಂಕಟವೂ ಆಯಿತು. ಮರಳು ಹಾಸಿದ ದಾರಿಯಲ್ಲಿ ಮುಂದಿನ ಚಕ್ರ ಅತ್ತಿತ್ತ ಹುಡುಕಾಡಿದರೂ ಹ್ಯಾಂಡಲ್ ಕೈತಪ್ಪಲಿಲ್ಲ.

ಮಾರನೆಯ ದಿನ ಕಲ್ಯಾಣದುರ್ಗ ದಾಟಿ ತೆಂಕಣಕ್ಕೆ. ಶೇಂಗಾ ಹೊಲಗಳ ನಡುವೆ ಬಂಡೆಗುಡ್ಡಗಳು ಒಂದಾದ ಮೇಲೊಂದು ಬರುತ್ತಲೇ ಇದ್ದವು. ಪಾವಗಡ ಬಂದಾಗ ಕರ್ನಾಟಕ, ದಾಟಿದರೆ ಮತ್ತೆ ಆಂಧ್ರ. ಬಹುಪಾಲು ಆಂಧ್ರವೇ ಸುತ್ತುವರಿದ ತಾಲ್ಲೂಕು ಅದು. ಬೋರ್ಡಿನ ಲಿಪಿ ಬದಲಾಗುತ್ತದೆ, ಚಹಾದಂಗಡಿಯ ಮಾತು ಬದಲಾಗುವುದಿಲ್ಲ. ತಿರುಮಣಿ ಕಡೆ ಹೊರಳಿದರೆ 2,050 ಮೆಗಾವಾಟ್‌ನ ಸೌರ ಪಾರ್ಕ್. ಕಣ್ಣು ಹರಿದಷ್ಟು ದೂರ ಗಾಜಿನ ಫಲಕಗಳು. ಮಳೆ ಕೊಡದ ಆಕಾಶದಿಂದ ಬಿಸಿಲನ್ನಾದರೂ ಕೊಯ್ಯುತ್ತಿದ್ದಾರೆ.

ಮಡಕಶಿರ 2022ರಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಸೇರಿದೆ. ಊರ ನೆತ್ತಿಯ ಮೇಲೆ ಬೆಟ್ಟ, ಬೆಟ್ಟದ ಮೇಲೆ ಕೋಟೆ. ನನ್ನ ಮನಸ್ಸು ಮಾತ್ರ ಅಮರಾಪುರದ ಹತ್ತಿರದ ಹೇಮಾವತಿಯಲ್ಲಿತ್ತು. ನೊಳಂಬರ ರಾಜಧಾನಿ ಹೆಂಜೇರು ಅಂದರೆ ಇದೇ. ನೊಳಂಬವಾಡಿ ಮೂವತ್ತೆರಡು ಸಾವಿರವನ್ನು ಆಳಿದವರ ಊರು ಈಗೊಂದು ಹಳ್ಳಿ. ದೊಡ್ಡೇಶ್ವರನ ಗುಡಿಯ ಮುಂದೆ ಭಾರಿ ನಂದಿ, ಗೋಡೆಯಲ್ಲಿ ದೇವತೆಗಳನ್ನು ಕಡೆದ ಕಲ್ಲಿನ ಜಾಲಂಧ್ರಗಳು. ಸಿದ್ದೇಶ್ವರನ ಗುಡಿಯಲ್ಲಿ ಶಿವ ಲಿಂಗವಾಗಿರದೆ, ಕೂತ ಮೂರ್ತಿಯಾಗಿ ಪೂಜೆಗೊಳ್ಳುತ್ತಾನೆ. ಕಪ್ಪು ಕಲ್ಲಿನ ಕಂಬವೊಂದನ್ನು ಮುಟ್ಟಿದೆ. ಪೀಣ್ಯದಿಂದ ತಂದ ಫೋರ್ಕ್ ಪೈಪಿನಷ್ಟು ನುಣುಪು! ಸಾವಿರ ವರ್ಷದ ಹಿಂದೆ, ವಿದ್ಯುತ್ತಿಲ್ಲದ ಕಾಲದಲ್ಲಿ, ಕೈಯ ಸೈರಣೆಯಿಂದಲೇ ಕಲ್ಲಿಗೆ ಬಂದ ಹೊಳಪು ಅದು. ಇಂಥ ನೊಳಂಬ ಕಂಬಗಳನ್ನು ಚೋಳರು ತಂಜಾವೂರು ಸೀಮೆಯ ತಿರುವೈಯಾರಿನವರೆಗೆ ಸಾಗಿಸಿದರು. ಅಷ್ಟು ಭಾರದ ಕಲ್ಲು, ಅಷ್ಟು ದೂರ! ಗೆದ್ದವರೂ ಆ ಕೆಲಸಕ್ಕೆ ಮರುಳಾಗಿದ್ದರು ಅಂದುಕೊಂಡೆ.

ಈ ದಾರಿ ಹಿಡಿಯುವವರಿಗೆ ಒಂದು ಮಾತು. ಹೊರಡುವ ಮೊದಲು ಫೋರ್ಕ್ ಪೈಪಿನ ಮೇಲೆ ಬೆರಳಾಡಿಸಿ. ಎಣ್ಣೆ ಅಂಟಿದರೆ ಸೀಲ್ ಹೋಗಿದೆ, ಉಗುರಿಗೆ ತಗ್ಗು ಸಿಕ್ಕರೆ ಕ್ರೋಮ್ ಹೋಗಿದೆ. ಕ್ರೋಮ್ ಸರಿಪಡಿಸದೆ ಸೀಲ್ ಮಾತ್ರ ಬದಲಿಸಿದರೆ ದುಡ್ಡು ದಂಡ. ಹ್ಯಾಂಡಲ್ ತಿರುಗುವ ಬುಡದ ಕೋನ್ ಸೆಟ್ ಸಡಿಲವಾಗಿದೆಯೇ ನೋಡಿಸಿ. ಸ್ಪ್ರಿಂಗುಗಳನ್ನು ಜೋಡಿಯಾಗಿಯೇ ಬದಲಿಸಿ, ಎರಡೂ ಕಾಲಿಗೆ ಒಂದೇ ದರ್ಜೆಯ ಎಣ್ಣೆಯನ್ನು ಒಂದೇ ಅಳತೆಯಲ್ಲಿ ಹಾಕಿಸಿ. ಹೇಮಾವತಿಗೆ ಒಂದಿಡೀ ಬೆಳಗನ್ನು ಮೀಸಲಿಡಿ.