ಎರಡು ಕೊಕ್ಕೆಗಳು

"ಒಂದು ಕೊಕ್ಕೆ ಬಿಚ್ಚಿದಾಗ ಇನ್ನೊಂದು ಹಗ್ಗದಲ್ಲೇ ಇರಬೇಕು ಮಾರಾಯ, ಎರಡನ್ನೂ ಒಟ್ಟಿಗೆ ತೆಗೀಬೇಡ" ಎಂದು ಗೆಳೆಯ ಮೂರನೇ ಸಲ ಹೇಳಿದ. ಮ್ಯೂನಿಕ್‌ನಲ್ಲಿ ನನ್ನ ಜೊತೆ ಓದುತ್ತಿದ್ದ ಮಂಗಳೂರಿನವನು. ಇಟಲಿಯ ಡೋಲೊಮೈಟ್ ಪರ್ವತಗಳಲ್ಲಿ, 2744 ಮೀಟರ್ ಎತ್ತರದ ಪಟೆರ್ನೋ ಶಿಖರ ಹತ್ತಲು ಹೊರಟಿದ್ದೆವು. ಬಂಡೆಗೆ ಉಕ್ಕಿನ ಹಗ್ಗ ಬಿಗಿದ ಇಂಥ ಹಾದಿಗೆ ಅಲ್ಲಿ 'ವಿಯಾ ಫೆರ್ರಾಟಾ' ಎನ್ನುತ್ತಾರೆ. ಕಬ್ಬಿಣದ ದಾರಿ ಎಂದರ್ಥ.

ಹಾದಿ ಶುರುವಾಗುವುದು ಸುರಂಗದಿಂದ. 1915ರ ಮೇ ತಿಂಗಳಲ್ಲಿ ಇಟಲಿಯು ಆಸ್ಟ್ರಿಯಾ-ಹಂಗೇರಿಯ ಮೇಲೆ ಯುದ್ಧ ಸಾರಿದಾಗ ಗಡಿಯ ಈ ಶಿಖರಗಳೇ ರಣರಂಗವಾದವು. ಸೈನಿಕರು ಬೆಟ್ಟದ ಹೊಟ್ಟೆಯನ್ನೇ ಕೊರೆದರು. ಹಣೆಯ ದೀಪದ ಬೆಳಕಲ್ಲಿ, ಹೆಲ್ಮೆಟ್ ಬಂಡೆಗೆ ತಾಗಿಸಿಕೊಳ್ಳುತ್ತ ಮೆಟ್ಟಿಲು ಹತ್ತಿದೆವು. ಒಂದು ಕಿಂಡಿಯಾಚೆ ತ್ರೆ ಚಿಮೆಯ ಕಲ್ಲುಗೋಪುರಗಳು ಕಂಡವು. ಚೌಕಟ್ಟು ಹಾಕಿಟ್ಟ ಚಿತ್ರದ ಹಾಗೆ! ಫೋನ್ ಎತ್ತಿದೆ. "ಬಂದೂಕು ಇಡಲಿಕ್ಕೆ ಕೊರೆದದ್ದು" ಎಂದ ಗೆಳೆಯ. ಫೋಟೊ ತೆಗೆಯದೆ ಫೋನನ್ನು ಜೇಬಿಗಿಳಿಸಿದೆ.

ಸುರಂಗ ಮುಗಿದು ಹಗ್ಗ ಶುರುವಾಯಿತು. ಒಂದು ತಿರುವಿನಲ್ಲಿ ಕಾಲ ಕೆಳಗೆ ಬರೀ ಗಾಳಿ. ಕೊಕ್ಕೆ ಬಿಚ್ಚಲು ಬೆರಳುಗಳು ಒಪ್ಪಲಿಲ್ಲ. ಬಂಡೆಗೆ ಕೆನ್ನೆಯೊತ್ತಿ ನಿಂತೆ. ಆಗ ನೆನಪಾದವನು ಸೆಪ್ ಇನ್ನರ್‌ಕೋಫ್ಲರ್.

ಆತ ಕೆಳಗಿನ ಸೆಕ್ಸ್ಟನ್ ಊರಿನ ಪರ್ವತ ಮಾರ್ಗದರ್ಶಿ. ಈ ಬೆಟ್ಟದ ಬಳಿಯೇ ಚಾರಣಿಗರ ತಂಗುಮನೆ ನಡೆಸುತ್ತಿದ್ದ. ಯುದ್ಧದ ಶುರುವಿನಲ್ಲೇ ಅದು ಇಟಲಿಯ ಫಿರಂಗಿಗೆ ಸುಟ್ಟುಹೋಯಿತು. ಪಟೆರ್ನೋ ಇಟಲಿಯ ಕೈಯಲ್ಲಿತ್ತು. 1915ರ ಜುಲೈ 4ರ ಬೆಳಗಿನ ಜಾವ, ಅದನ್ನು ಮರಳಿ ಪಡೆಯಲು ಕೆಲವೇ ಸಂಗಾತಿಗಳೊಡನೆ ಹತ್ತಿದ. ಅವನಿಗೆ ಹಿಡಿಯಲು ಈ ಉಕ್ಕಿನ ಹಗ್ಗ ಇರಲಿಲ್ಲ. ತುದಿಯ ಹತ್ತಿರ ಸತ್ತ. ಮೇಲಿದ್ದ ಪಿಯೆರೊ ದೆ ಲೂಕಾ ಎಂಬ ಇಟಲಿಯ ಸೈನಿಕ ಕಲ್ಲೆಸೆದು ಕೊಂದನೆಂದು ಕೆಲವರು, ಅವನದೇ ಸೈನ್ಯದ ಗುಂಡು ತಗಲಿತೆಂದು ಕೆಲವರು. ವೈರಿಗಳೇ ಅವನನ್ನು ಶಿಖರದಲ್ಲಿ ಮಣ್ಣುಮಾಡಿದರು.

"ನಿಧಾನ. ಮೊದಲು ಒಂದು" ಎಂದಿತು ಹಿಂದಿನ ದನಿ. ಒಂದು ಬಿಚ್ಚಿದೆ, ಆಚೆ ಸಿಕ್ಕಿಸಿದೆ. ಆಮೇಲೆ ಇನ್ನೊಂದು.

ಶಿಖರದ ಶಿಲುಬೆಯ ಬಳಿ ಕೂತು ಬ್ರೆಡ್ಡು ತಿಂದೆವು. ಕೈ ಇನ್ನೂ ನಡುಗುತ್ತಿತ್ತು. "ಈ ದಾರಿಯ ಹೆಸರು ಗೊತ್ತಲ್ಲ?" ಎಂದ ಗೆಳೆಯ. ಗೊತ್ತಿತ್ತು: 'ದೆ ಲೂಕಾ-ಇನ್ನರ್‌ಕೋಫ್ಲರ್'. ಕೊಂದವನೆನ್ನಿಸಿಕೊಂಡವನೂ ಸತ್ತವನೂ ಒಂದೇ ಹೆಸರಿನಲ್ಲಿ. ಅವರು ಕಾದಾಡಿದ ಬಂಡೆಯಲ್ಲಿ, ನಾನು ಬೀಳದಿರಲೆಂದು ಯಾರೋ ಹಗ್ಗ ಬಿಗಿದಿದ್ದರು.

ಇಳಿಯುವಾಗ ಮೇಲೆ ಬರುತ್ತಿದ್ದ ಹುಡುಗಿಯೊಬ್ಬಳು ಅದೇ ತಿರುವಿನಲ್ಲಿ ಬಂಡೆಗೆ ಅಂಟಿ ನಿಂತಿದ್ದಳು. ಅವಳ ಭಾಷೆ ನನಗೆ ಬರದು. ಒಂದು ಬೆರಳು ಎತ್ತಿ ತೋರಿಸಿದೆ: ಮೊದಲು ಒಂದು.